ಟೆಂಡರ್ ಇಲ್ಲದೆ ಪಾಲಿಕೆ ಕೆಲಸ ಕೊಡಬಹುದೇ? ಫೈಲಿನ ದಿನಾಂಕಗಳನ್ನು ಓದುವ ಬಗೆ

ಓದುಗರ ಪ್ರಶ್ನೆ: ನಮ್ಮದು ಮಧ್ಯಮ ಗಾತ್ರದ ಊರು, ಮಹಾನಗರ ಪಾಲಿಕೆ ಇದೆ. ನಮ್ಮ ಬೀದಿಯ ಚರಂಡಿ ಕೆಲಸವನ್ನು ಐದು ತುಂಡು ಮಾಡಿ, ಐದನ್ನೂ ಟೆಂಡರ್ ಇಲ್ಲದೆ ಒಬ್ಬರೇ ಗುತ್ತಿಗೆದಾರರಿಗೆ ಕೊಟ್ಟಿದ್ದಾರೆ. ಒಳಚರಂಡಿ ಶುಚಿ ಮಾಡುವ ಜೆಟ್ಟಿಂಗ್ ಯಂತ್ರವನ್ನು ‘ತುರ್ತು’ ಅಂತ ನೇರವಾಗಿ ಕೊಂಡಿದ್ದಾರೆ. ಬೀದಿದೀಪ ನಿಯಂತ್ರಿಸುವ ಸಾಫ್ಟ್‌ವೇರ್ ‘ಒಂದೇ ಕಂಪನಿ ಹತ್ರ ಸಿಗೋದು’ ಅಂತಾರೆ. ಕೇಳಿದರೆ ‘ಸಭೆಯಲ್ಲಿ ನಿರ್ಣಯ ಆಗಿದೆ, 4(ಜಿ) ಇದೆ’ ಎಂಬ ಉತ್ತರ. ಇದೆಲ್ಲ ಕಾನೂನಿನ ಪ್ರಕಾರ ಸರಿಯೇ? ನನ್ನಂಥವರು ಪರೀಕ್ಷಿಸುವುದು ಹೇಗೆ?

ಉತ್ತರ:

ಟೆಂಡರ್ ಇಲ್ಲದೆ ಕೆಲಸ ಕೊಟ್ಟ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ಕಾನೂನೇ ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಆದರೆ ಪ್ರತಿ ಬಾಗಿಲಿಗೂ ಒಂದು ಷರತ್ತು ಇದೆ. ಆ ಷರತ್ತು ಪೂರೈಸಿದ್ದಕ್ಕೆ ಫೈಲಿನಲ್ಲಿ ಕಾಗದ ಇರಬೇಕು, ಮತ್ತು ಆ ಕಾಗದ ಕೆಲಸ ಶುರುವಾಗುವ ಮೊದಲಿನದ್ದಾಗಿರಬೇಕು. ಸ್ಥಳೀಯ ಸಂಸ್ಥೆಗಳ ಲೆಕ್ಕ ತಪಾಸಣೆಯಲ್ಲೇ ನನ್ನ ಸರ್ವೀಸಿನ ಬಹುಪಾಲು ಕಳೆಯಿತು. ನೂರಾರು ಫೈಲು ತಿರುವಿ ಹಾಕಿದ್ದೇನೆ. ನಾನು ಮೊದಲು ನೋಡುತ್ತಿದ್ದದ್ದು ಮೊತ್ತವನ್ನಲ್ಲ, ದಿನಾಂಕವನ್ನು.

ಮೊದಲು ಕಾನೂನು ಯಾವುದು ಅಂತ ನೋಡೋಣ. ನಮ್ಮಲ್ಲಿ ಇದಕ್ಕೆಲ್ಲ ಬುಡ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಕಚೇರಿಯಲ್ಲಿ ಎಲ್ಲರೂ ಕೆಟಿಪಿಪಿ ಕಾಯ್ದೆ ಅನ್ನುತ್ತಾರೆ. 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಇಂಥ ಕಾಯ್ದೆಯನ್ನು ನಮಗಿಂತ ಮೊದಲು, 1998ರಲ್ಲಿ, ತಮಿಳುನಾಡು ಮಾಡಿತ್ತು. ಕೇಂದ್ರ ಸರ್ಕಾರದ ಖರೀದಿ ಇವತ್ತಿಗೂ ಹೆಚ್ಚಾಗಿ ಹಣಕಾಸು ನಿಯಮಗಳ ಮೇಲೆ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ವಿಧಾನಮಂಡಲ ಪಾಸು ಮಾಡಿದ ಕಾಯ್ದೆಯೇ ಇದೆ. ಇದು ದೊಡ್ಡ ವ್ಯತ್ಯಾಸ. ಸುತ್ತೋಲೆ ಮೀರಿದರೆ ಇಲಾಖೆಯ ಒಳಗಿನ ತಪ್ಪು. ಕಾಯ್ದೆ ಮೀರಿದರೆ ಅದು ಕೋರ್ಟಿನಲ್ಲಿ ಪ್ರಶ್ನಿಸಬಹುದಾದ ಕಾನೂನು ಉಲ್ಲಂಘನೆ.

ಆ ಕಾಯ್ದೆಯ 5ನೇ ಕಲಂ ಹೇಳುವುದು ಇಷ್ಟು: ಟೆಂಡರ್ ಕರೆಯದೆ ಯಾವ ಸಂಗ್ರಹಣಾ ಸಂಸ್ಥೆಯೂ ಸಾಮಾನು, ಸೇವೆ ಪಡೆಯುವಂತಿಲ್ಲ. ಕಟ್ಟಡ, ರಸ್ತೆ, ಚರಂಡಿ ಕಾಮಗಾರಿಯೂ ಇದರಲ್ಲೇ ಬರುತ್ತದೆ. ಸರ್ಕಾರಿ ಇಲಾಖೆ, ನಿಗಮ, ಸ್ಥಳೀಯ ಸಂಸ್ಥೆ ಎಲ್ಲವೂ ಸಂಗ್ರಹಣಾ ಸಂಸ್ಥೆಗಳೇ. ನಿಮ್ಮ ಪಾಲಿಕೆಯೂ ಹೌದು. ಇದಕ್ಕೆ ಯಾವಾಗ ವಿನಾಯಿತಿ ಎಂಬುದು 4ನೇ ಕಲಮಿನಲ್ಲಿದೆ. ನಿಮಗೆ ಅವರು ಹೇಳಿದ 4(ಜಿ) ಆ ಪಟ್ಟಿಯಲ್ಲಿ ಒಂದು.

ಈಗ ‘ಸಭೆಯಲ್ಲಿ ನಿರ್ಣಯ ಆಗಿದೆ’ ಎಂಬ ಮಾತಿಗೆ ಬರೋಣ. ಇದನ್ನು ಅನೇಕ ಸದಸ್ಯರು ನಿಜವಾಗಿಯೂ ನಂಬಿದ್ದಾರೆ. ಪಾಲಿಕೆ ಸಭೆಗೆ ಕೆಲಸ ಬೇಕೋ ಬೇಡವೋ, ಹಣ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಇದೆ. ಆದರೆ ರಾಜ್ಯದ ಕಾಯ್ದೆಯಿಂದ ತನಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರ ಇಲ್ಲ. ಸರ್ವಾನುಮತದಿಂದ ಪಾಸಾದರೂ ಅಷ್ಟೇ. ವಿನಾಯಿತಿ ಬೇಕಾದರೆ ಅದು 4ನೇ ಕಲಮಿನ ಯಾವುದಾದರೂ ಒಂದು ಖಂಡದೊಳಗೆ ಕೂರಬೇಕು. ಯಾವ ಖಂಡ ಅಂತ ಫೈಲಿನಲ್ಲಿ ಬರೆದಿರಬೇಕು. ‘ವಿನಾಯಿತಿ ಇದೆ’ ಅಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವ ಖಂಡ?

ನಿಮ್ಮ ಚರಂಡಿಯ ವಿಷಯ ನೋಡೋಣ. ಮೂರರಲ್ಲಿ ಇದೇ ಚಿಕ್ಕದು ಅನ್ನಿಸಬಹುದು. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಯಾಕಂದರೆ ಊರೂರಲ್ಲಿ ದಿನಾ ನಡೆಯುವುದು ಇದೇ.

ಸಣ್ಣ ಕೆಲಸಕ್ಕೆ ಟೆಂಡರ್ ಬೇಡ ಎಂದು ಕಾಯ್ದೆಯೇ ಹೇಳುತ್ತದೆ. ಕಾಮಗಾರಿಗೆ ಆ ಮಿತಿ 5 ಲಕ್ಷ ರೂಪಾಯಿ ಎಂದು ಬಹುಕಾಲದಿಂದ ನಡೆದುಕೊಂಡು ಬಂದಿದೆ. ಸಾಮಾನು, ಸೇವೆಗೆ ಬೇರೆ ಮಿತಿ. ಇವನ್ನು ಆಗಾಗ ತಿದ್ದುತ್ತಿರುತ್ತಾರೆ. ಹಾಗಾಗಿ ನಿಮ್ಮ ಕೆಲಸದ ಮಂಜೂರಾತಿ ಯಾವ ತಾರೀಖಿನದೋ, ಆ ದಿನ ಜಾರಿಯಲ್ಲಿದ್ದ ಮಿತಿಯನ್ನೇ ನೋಡಬೇಕು. ಈ ವಿನಾಯಿತಿ ನ್ಯಾಯವಾದದ್ದೇ. ಒಡೆದ ಮ್ಯಾನ್‌ಹೋಲ್ ಮುಚ್ಚಳ ಹಾಕಿಸಲು ತಿಂಗಳುಗಟ್ಟಲೆ ಕಾಯಲು ಆಗುತ್ತಾ? ಸಣ್ಣ ಕೆಲಸಕ್ಕೆ ಟೆಂಡರ್ ಖರ್ಚೇ ಜಾಸ್ತಿ ಆಗುತ್ತದೆ. ಎಂಜಿನಿಯರ್ ಮೂರು ಕೊಟೇಷನ್ ತರಿಸಿ, ಸರ್ಕಾರಿ ದರಪಟ್ಟಿಗೆ ಹೋಲಿಸಿ, ಪೀಸ್ ವರ್ಕ್ ಅಂತ ಕೊಡುತ್ತಾರೆ. ನಮ್ಮ ಕಡೆ ತುಂಡು ಗುತ್ತಿಗೆ ಅನ್ನುವುದು ಇದಕ್ಕೇ.

ತೊಂದರೆ ಬರುವುದು ದೊಡ್ಡ ಕೆಲಸವನ್ನು ಕೊಯ್ದು ಸಣ್ಣದು ಮಾಡಿದಾಗ. ನಾನು ನೋಡಿದ ಒಂದು ಫೈಲು ಹೇಳುತ್ತೇನೆ, ಊರಿನ ಹೆಸರು ಬೇಡ. ಒಂದೇ ರಸ್ತೆ, ಒಂದೇ ಬದಿಯ ಚರಂಡಿ. ಮೊದಲ ಎಸ್ಟಿಮೇಟ್ ಸೊನ್ನೆಯಿಂದ 65 ಮೀಟರ್. ಎರಡನೆಯದು 65ರಿಂದ 130. ಮೂರನೆಯದು 130ರಿಂದ 195. ಹೀಗೆ ಐದು. ಪ್ರತಿಯೊಂದೂ 4 ಲಕ್ಷ 90 ಸಾವಿರದ ಆಸುಪಾಸು. ಐದಕ್ಕೂ ಒಂದೇ ದಿನ ತಾಂತ್ರಿಕ ಮಂಜೂರಾತಿ. ಐದಕ್ಕೂ ಒಂದೇ ದಿನ ವರ್ಕ್ ಆರ್ಡರ್. ಫೈಲು ಮಾತ್ರ ಐದು.

ಆ ಫೈಲುಗಳಲ್ಲಿದ್ದ ಕೊಟೇಷನ್‌ಗಳು ಇವತ್ತಿಗೂ ನನ್ನ ಕಣ್ಣಮುಂದೆ ಇವೆ. ಮೂರು ಬೇರೆ ಬೇರೆ ಲೆಟರ್‌ಹೆಡ್. ಮೂರರಲ್ಲೂ ‘ಕಾಂಕ್ರೀಟ್’ ಬದಲು ‘ಕಾಂಕ್ರೀಂಟ್’ ಎಂಬ ಒಂದೇ ಅಕ್ಷರದೋಷ. ಒಂದೇ ಜಾಗದಲ್ಲಿ ಒಂದೇ ರೀತಿ ಬಿಟ್ಟ ಖಾಲಿ ಸಾಲು. ಮೂರರ ದರವೂ ಸಮನಾದ ಅಂತರದಲ್ಲಿ ಏರುತ್ತಾ ಹೋಗಿತ್ತು. ಮೂರನ್ನೂ ಒಟ್ಟಿಗೆ ಪೇರಿಸಿ ಒಂದೇ ಸಲ ಪಂಚ್ ಹೊಡೆದಂತೆ ತೂತುಗಳು ಒಂದರ ಮೇಲೊಂದು ಕೂತಿದ್ದವು. ಮೂರು ಅಂಗಡಿಯವರು ಬೇರೆ ಬೇರೆ ಕೂತು ಬರೆದ ಕಾಗದ ಹಾಗಿರುವುದಿಲ್ಲ. ನಾನು ಆಕ್ಷೇಪಣೆ ಬರೆದೆ. ‘ಕೆಲಸ ಆಗಿದೆಯಲ್ಲ ಸಾರ್, ಜನ ಓಡಾಡ್ತಿದ್ದಾರೆ’ ಎಂಬ ಉತ್ತರ ಬಂತು. ಕೆಲಸ ಆಗಿತ್ತು, ನಿಜ. ಆದರೆ ಬೇರೆ ಯಾರಾದರೂ ಕಡಿಮೆಗೆ ಮಾಡುತ್ತಿದ್ದರೇ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು.

ಆ ದಾರಿ ಮುಚ್ಚಿದರೆ ಏನು ನಷ್ಟ ಅಂತ ಲೆಕ್ಕ ಹಾಕಿ ನೋಡಿ. ಐದು ತುಂಡು, ತಲಾ 4 ಲಕ್ಷ 90 ಸಾವಿರ ಅಂದರೆ 24 ಲಕ್ಷ 50 ಸಾವಿರ. ಇದಕ್ಕೇ ಒಂದು ಟೆಂಡರ್ ಕರೆದು, ಯಾರೋ ಒಬ್ಬರು ಎಸ್ಟಿಮೇಟ್‌ಗಿಂತ ಶೇ 8ರಷ್ಟು ಕಡಿಮೆಗೆ ಒಪ್ಪಿದರು ಅಂತಿಟ್ಟುಕೊಳ್ಳಿ. ಉಳಿಯುವುದು 1 ಲಕ್ಷ 96 ಸಾವಿರ. ಅಷ್ಟು ದುಡ್ಡಿಗೆ ನಿಮ್ಮ ಚರಂಡಿ ಇನ್ನೂ 26 ಮೀಟರ್ ಮುಂದೆ ಹೋಗುತ್ತಿತ್ತು. ಆ 26 ಮೀಟರ್‌ನಲ್ಲಿ ಎರಡು ಮೂರು ಮನೆಗಳಿವೆ. ಮಳೆಗಾಲದಲ್ಲಿ ಅವರ ಬಾಗಿಲಿಗೆ ನೀರು ಬರುವುದು ನಿಲ್ಲುತ್ತಿತ್ತು. ನನಗೆ ಟೆಂಡರ್ ಅಂದರೆ ಇದೇ. ಕಾಗದದ ಶಾಸ್ತ್ರಕ್ಕಾಗಿ ನಾನು ಜಗಳ ಆಡುತ್ತಿರಲಿಲ್ಲ.

ಎಲ್ಲ ತುಂಡೂ ಮೋಸ ಅಂತಲ್ಲ. ಮಾರ್ಚ್‌ನಲ್ಲಿ ಒಂದು ಕಡೆ ಸ್ಲ್ಯಾಬ್ ಕುಸಿಯಿತು, ರಿಪೇರಿ ಮಾಡಿದರು. ಆಗಸ್ಟ್‌ನಲ್ಲಿ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಇನ್ನೊಂದು ಕುಸಿಯಿತು, ಅದನ್ನೂ ಮಾಡಿದರು. ಇವು ಎರಡು ಕೆಲಸವೇ. ಆದರೆ ಅಗತ್ಯ ಒಂದೇ ದಿನ ಗೊತ್ತಿತ್ತು, ಹಣ ಒಂದೇ ಶೀರ್ಷಿಕೆಯಿಂದ ಬಂತು, ಜಾಗ ಒಂದಕ್ಕೊಂದು ಅಂಟಿಕೊಂಡಿದೆ, ಗುತ್ತಿಗೆದಾರರೂ ಒಬ್ಬರೇ. ಈ ನಾಲ್ಕೂ ಕೂಡಿ ಬಂದರೆ ಅದು ಒಂದೇ ಕೆಲಸ ಅಂತ ನಾನು ತಪಾಸಣೆಯಲ್ಲಿ ಬರೆಯುತ್ತಿದ್ದೆ. ನಿಮ್ಮ ಬೀದಿಗೆ ಈ ನಾಲ್ಕನ್ನೂ ಹಿಡಿದು ನೋಡಿ.

ಇನ್ನು ಜೆಟ್ಟಿಂಗ್ ಯಂತ್ರ. ‘ತುರ್ತು’ ಎಂಬ ಪದ ನಮ್ಮ ಕಚೇರಿಗಳಲ್ಲಿ ಬಹಳ ಸಲೀಸಾಗಿ ಬಳಕೆಯಾಗುತ್ತದೆ. ಕಾಯ್ದೆಯ 4(ಎ) ಅಷ್ಟು ಸಲೀಸಾಗಿಲ್ಲ. ಅಲ್ಲಿ ಹೇಳಿರುವುದು ನೈಸರ್ಗಿಕ ವಿಕೋಪ ಅಥವಾ ತುರ್ತು ಸ್ಥಿತಿಯ ಅವಧಿ. ಅದನ್ನು ಸರ್ಕಾರ ಘೋಷಿಸಿರಬೇಕು. ಆಯುಕ್ತರಿಗೆ ತುರ್ತು ಅನ್ನಿಸಿದರೆ ಸಾಲದು. ಎಂಜಿನಿಯರ್ ಟಿಪ್ಪಣಿಯಲ್ಲಿ ‘ಅತಿ ತುರ್ತು’ ಅಂತ ಕೆಂಪು ಶಾಯಿಯಲ್ಲಿ ಬರೆದರೂ ಸಾಲದು. ಸರ್ಕಾರದ ಘೋಷಣೆ ಬೇಕು, ಖರೀದಿ ಆ ಅವಧಿಯೊಳಗೇ ನಡೆಯಬೇಕು, ಮತ್ತು ಕೊಂಡ ವಸ್ತುವಿಗೂ ಆ ವಿಕೋಪಕ್ಕೂ ಸಂಬಂಧ ಇರಬೇಕು.

ಉದಾಹರಣೆಗೆ, ಜುಲೈನಲ್ಲಿ ಪ್ರವಾಹ ಬಂತು, ಒಳಚರಂಡಿ ಉಕ್ಕಿ ಮನೆಗಳಿಗೆ ನುಗ್ಗಿತು. ಯಂತ್ರವನ್ನು ಅದೇ ವಾರ ಬಾಡಿಗೆಗೆ ತಂದರು. ಇದನ್ನು ಯಾವ ತಪಾಸಕರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಲೂ ಬಾರದು. ಆದರೆ ಪ್ರವಾಹ ಜುಲೈನಲ್ಲಿ, ಸರಬರಾಜು ಆದೇಶ ಜನವರಿಯಲ್ಲಿ, ಯಂತ್ರ ಊರಿಗೆ ಬಂದದ್ದು ಏಪ್ರಿಲ್‌ನಲ್ಲಿ ಅಂದರೆ ಏನು ಹೇಳುವುದು? ಅಷ್ಟು ತಿಂಗಳಲ್ಲಿ ಟೆಂಡರ್ ಕರೆದು, ತೆರೆದು, ಯಂತ್ರ ತಂದು ಕೆಲಸ ಶುರು ಮಾಡಬಹುದಿತ್ತು. ಅಲ್ವಾ?

ಕೋವಿಡ್ ಕಾಲ ಇದಕ್ಕೆ ದೊಡ್ಡ ಪಾಠ. 2020ರಲ್ಲಿ ಔಷಧ, ಉಪಕರಣ ಖರೀದಿಗೆ ಟೆಂಡರ್ ನಿಯಮ ಸಡಿಲಿಸಿದ್ದು ಸರಿಯಾಗಿಯೇ ಇತ್ತು. ಜನ ಉಸಿರಿಗೆ ಪರದಾಡುತ್ತಿದ್ದಾಗ ತಿಂಗಳುಗಟ್ಟಲೆ ಕಾಯಲು ಆಗುತ್ತಿರಲಿಲ್ಲ. ಆದರೂ ಆಗಿನ ಖರೀದಿಗಳ ಮೇಲೆ ಆರೋಪ ಬಂದು, 2023ರಲ್ಲಿ ರಾಜ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರ ಆಯೋಗ ನೇಮಿಸಿತು. 2024ರ ಆಗಸ್ಟ್‌ನಲ್ಲಿ ಅದು ಮೊದಲ ವರದಿ ಕೊಟ್ಟಿತು. ಇಲ್ಲಿ ನಾನು ಯಾರ ಪರವೂ ಮಾತಾಡುತ್ತಿಲ್ಲ. ವರ್ಷಗಳ ನಂತರವೂ ಯಾರೋ ಕೂತು ‘ಈ ದರ ಯಾಕೆ, ಈ ಕಂಪನಿ ಯಾಕೆ, ಎಷ್ಟು ಬೇಕಿತ್ತು, ಎಷ್ಟು ತಂದಿರಿ’ ಎಂದು ಕೇಳಬಹುದು. ಟೆಂಡರ್‌ಗೆ ವಿನಾಯಿತಿ ಸಿಕ್ಕಿತು ಅಂದರೆ ಈ ಪ್ರಶ್ನೆಗಳಿಗೂ ವಿನಾಯಿತಿ ಸಿಕ್ಕಿತು ಅಂತ ಅರ್ಥವಲ್ಲ. ದರ ವಿಚಾರಿಸಿದ್ದಕ್ಕೆ, ಸ್ಟಾಕ್ ಪುಸ್ತಕಕ್ಕೆ ಏರಿಸಿದ್ದಕ್ಕೆ ದಾಖಲೆ ಇರಲೇಬೇಕು.

ಸಾಫ್ಟ್‌ವೇರ್ ವಿಷಯದಲ್ಲಿ ಅವರು ಹೇಳುತ್ತಿರುವುದು 4(ಬಿ), ಅಂದರೆ ಒಂದೇ ಮೂಲ. ವಸ್ತು ಒಬ್ಬರ ಬಳಿ ಮಾತ್ರ ಸಿಗುತ್ತದೆ ಅಥವಾ ಒಬ್ಬರಿಗೇ ಅದರ ಹಕ್ಕು ಇದೆ, ಒಪ್ಪಬಹುದಾದ ಬದಲಿ ಇಲ್ಲ ಎಂದಾದರೆ ನೇರವಾಗಿ ಕೊಳ್ಳಬಹುದು. ಆದರೆ ‘ಬೇರೆ ಎಲ್ಲೂ ಸಿಗಲ್ಲ’ ಅಂತ ಹೇಳುವವರು ಮಾರುವವರಾಗಿರಬಾರದು, ಕೊಳ್ಳುವ ಎಂಜಿನಿಯರ್ ಒಬ್ಬರೇ ಆಗಿರಲೂಬಾರದು. ಕಾಯ್ದೆ ಇದಕ್ಕೆ ಮೂವರು ಪರಿಣತರ ಸಮಿತಿ ಇಟ್ಟಿದೆ. ಒಬ್ಬರು ಕೊಳ್ಳುವ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ. ಇನ್ನೊಬ್ಬರು ಅಂಥದ್ದೇ ಖರೀದಿ ಮಾಡುವ ಬೇರೊಂದು ರಾಜ್ಯ ಸರ್ಕಾರಿ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ. ಮೂರನೆಯವರು ಹೆಸರಾಂತ ಶಿಕ್ಷಣ ಅಥವಾ ಸಂಶೋಧನಾ ಸಂಸ್ಥೆಯವರು, ಇಲ್ಲವೇ ಆ ವಿಷಯ ಬಲ್ಲ, ವ್ಯಾಪಾರ ಮಾಡದ ಸಂಸ್ಥೆಯವರು. ಈ ಮೂವರು ಪರಿಶೀಲಿಸಿ ‘ಹೌದು, ಒಂದೇ ಮೂಲ’ ಎಂದು ಘೋಷಿಸಬೇಕು.

ನೀವು ಕೇಳಬೇಕಾದ್ದು ಆ ಘೋಷಣೆಯ ಪ್ರತಿ. ಎಷ್ಟೋ ಫೈಲುಗಳಲ್ಲಿ ಅದರ ಬದಲಿಗೆ ಕಂಪನಿಯೇ ತನಗೆ ತಾನು ಕೊಟ್ಟುಕೊಂಡ ಒಂದು ಪತ್ರ ಇರುತ್ತದೆ. ‘ಈ ಉತ್ಪನ್ನದ ಏಕೈಕ ತಯಾರಕರು ನಾವೇ’ ಎಂದು. ಪ್ರತಿ ಕಂಪನಿಯೂ ತನ್ನ ಉತ್ಪನ್ನದ ಏಕೈಕ ತಯಾರಕನೇ ತಾನೇ! ಪ್ರಶ್ನೆ ಆ ಬ್ರಾಂಡ್ ಯಾರದ್ದು ಅಂತಲ್ಲ. ಬೀದಿದೀಪ ಹಚ್ಚಿ ಆರಿಸುವ, ಕೆಟ್ಟಿದ್ದನ್ನು ತಿಳಿಸುವ ಕೆಲಸವನ್ನು ಬೇರೆ ಯಾವ ಸಾಫ್ಟ್‌ವೇರೂ ಮಾಡುವುದಿಲ್ಲವೇ ಎಂಬುದು ಪ್ರಶ್ನೆ.

ಕೆಲವೊಮ್ಮೆ ಉತ್ತರ ನಿಜವಾಗಿಯೂ ‘ಮಾಡುವುದಿಲ್ಲ’ ಎಂದೇ ಇರುತ್ತದೆ. ದೀಪದ ಕಂಬದಲ್ಲಿ ಕೂತಿರುವ ನಿಯಂತ್ರಕ ಒಂದು ಕಂಪನಿಯದ್ದಾಗಿದ್ದು, ಅದು ಅವರ ಸಾಫ್ಟ್‌ವೇರ್ ಜೊತೆ ಮಾತ್ರ ಮಾತಾಡುತ್ತದೆ ಅಂದರೆ, ಪಾಲಿಕೆಯ ಕೈ ಕಟ್ಟಿದ ಹಾಗೆ. ಹಳೆಯ ಸಲಕರಣೆಗೆ ಹೊಂದಬೇಕು ಎಂಬ ಕಾರಣಕ್ಕೆ ಅವರಿಂದಲೇ ಮತ್ತೆ ಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಪ್ರತ್ಯೇಕ ಖಂಡ ಇದೆ. ಆದರೆ ಆಗ ಹಿಂದಕ್ಕೆ ಹೋಗಿ ಮೊದಲ ಟೆಂಡರ್ ನೋಡಬೇಕು. ಆ ಟೆಂಡರಿನಲ್ಲಿ ‘ಬೇರೆ ಕಂಪನಿಯ ಸಾಫ್ಟ್‌ವೇರ್ ಜೊತೆಗೂ ಕೆಲಸ ಮಾಡಬೇಕು’ ಎಂಬ ಒಂದು ಸಾಲು ಹಾಕಿದ್ದರೆ ಇವತ್ತು ಈ ಸಂಕಟ ಇರುತ್ತಿರಲಿಲ್ಲ. ಅದನ್ನು ಬಿಟ್ಟವರು ಮುಂದಿನ ಹತ್ತು ವರ್ಷದ ಪೈಪೋಟಿಯನ್ನೇ ಬಿಟ್ಟುಕೊಟ್ಟಂತೆ.

ಈಗ ಆ ಪ್ರಸಿದ್ಧ 4(ಜಿ). ಸರ್ಕಾರ ಕಾಲಕಾಲಕ್ಕೆ ಅಧಿಸೂಚನೆ ಹೊರಡಿಸಿ ಹೆಸರಿಸುವ ನಿರ್ದಿಷ್ಟ ಸಂಗ್ರಹಣೆಗಳಿಗೆ ಟೆಂಡರ್ ಬೇಡ. ಇಷ್ಟೇ ಅದರ ಸಾರ. ಮೊದಲ ಖಂಡಗಳಲ್ಲಿ ಕಾರಣ ಏನಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ: ವಿಕೋಪ, ಒಂದೇ ಮೂಲ, ಸಣ್ಣ ಮೊತ್ತ. 4(ಜಿ)ಯಲ್ಲಿ ಹಾಗೆ ಯಾವ ಕಾರಣವನ್ನೂ ಹೆಸರಿಸಿಲ್ಲ. ಇಡೀ ಕಾಯ್ದೆಯಲ್ಲಿ ನನಗೆ ಕಳವಳ ತರುವ ಜಾಗ ಇದು. ನನ್ನ ಅಭಿಪ್ರಾಯ ಕೇಳಿದರೆ, ಈ ಖಂಡದ ಅಡಿ ಕೊಟ್ಟ ಪ್ರತಿ ವಿನಾಯಿತಿಗೂ ಕಾರಣವನ್ನು ಅಧಿಸೂಚನೆಯಲ್ಲೇ ಅಚ್ಚು ಹಾಕಬೇಕು.

ಆದರೂ 4(ಜಿ) ಎಂಬುದು ಬಾಯಿಮಾತಲ್ಲ. ಸಾಮಾನ್ಯವಾಗಿ ಪಾಲಿಕೆ ನಗರಾಭಿವೃದ್ಧಿ ಇಲಾಖೆಗೆ ಪ್ರಸ್ತಾವ ಕಳಿಸುತ್ತದೆ. ಅದು ಹಣಕಾಸು ಇಲಾಖೆಯ ಸಂಗ್ರಹಣಾ ಕೋಶಕ್ಕೆ ಹೋಗುತ್ತದೆ. ಒಪ್ಪಿಗೆಯಾದರೆ ಅಧಿಸೂಚನೆ ಹೊರಡುತ್ತದೆ. ಅದಕ್ಕೆ ಒಂದು ಸಂಖ್ಯೆ, ಒಂದು ದಿನಾಂಕ, ಯಾವ ಕೆಲಸ, ಯಾರಿಂದ ಎಂಬ ವಿವರ ಇರುತ್ತದೆ. ಕಾಯ್ದೆಯಲ್ಲಿರುವ ಪದ ‘ನಿರ್ದಿಷ್ಟ’. ಒಂದು ಕೆಲಸಕ್ಕೆ ಪಡೆದ ವಿನಾಯಿತಿಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ. ಕಳೆದ ವರ್ಷದ್ದನ್ನು ಈ ವರ್ಷಕ್ಕೆ ಹಚ್ಚುವಂತಿಲ್ಲ. ಆದ್ದರಿಂದ ಯಾರಾದರೂ ‘4(ಜಿ) ಇದೆ’ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಕೇಳಿ. ಆಮೇಲೆ ವರ್ಕ್ ಆರ್ಡರಿನ ದಿನಾಂಕ ಪಕ್ಕಕ್ಕಿಟ್ಟು ನೋಡಿ. ವರ್ಕ್ ಆರ್ಡರ್ ಮೊದಲು, ಅಧಿಸೂಚನೆ ಆಮೇಲೆ ಅಂತಾದರೆ ಕೆಲಸ ಕೊಟ್ಟ ದಿನ ವಿನಾಯಿತಿಯೇ ಇರಲಿಲ್ಲ. ಘಟನೋತ್ತರ ಮಂಜೂರಾತಿ ಎಂಬ ಪದ ಕಂಡಲ್ಲಿ ನಿಂತು ಓದಿ. ಎಲ್ಲಕ್ಕಿಂತ ಹೆಚ್ಚು ತಪ್ಪು ನನಗೆ ಸಿಕ್ಕಿದ್ದು ಆ ಪದದ ಹಿಂದೆ.

ಸರ್ಕಾರಿ ಸಂಸ್ಥೆಗಳಿಗೇ ಕೆಲಸ ಕೊಡುವುದೂ ಇದೆ. ಹಿಂದೆ ಭೂಸೇನಾ ನಿಗಮ ಅಂತಿದ್ದ, ಈಗಿನ ಕೆಆರ್‌ಐಡಿಎಲ್, ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು. ಇವಕ್ಕೆ ನೇರವಾಗಿ ವಹಿಸಿದಾಗ ಪೈಪೋಟಿ ದರ ಇರುವುದಿಲ್ಲ, ದರಪಟ್ಟಿಯ ಎಸ್ಟಿಮೇಟ್ ಮೇಲೆ ಕೆಲಸ ನಡೆಯುತ್ತದೆ. ಅಲ್ಲಿ ನೋಡಬೇಕಾದ್ದು ಎರಡು. ಆ ಸಂಸ್ಥೆಗೆ ಅಷ್ಟು ಮೊತ್ತದ ಕೆಲಸ ಕೊಡಲು ಆ ದಿನ ಜಾರಿಯಲ್ಲಿದ್ದ ಆದೇಶ ಯಾವುದು? ಸ್ಥಳದಲ್ಲಿ ಕಾಂಕ್ರೀಟ್ ಸುರಿದವರು ಯಾರು? ಕಾಗದದಲ್ಲಿ ಸರ್ಕಾರಿ ಸಂಸ್ಥೆ ಇದ್ದು, ಸ್ಥಳದಲ್ಲಿ ಖಾಸಗಿಯವರು ಪೂರ್ತಿ ಕೆಲಸ ಮಾಡಿದ್ದರೆ, ಪೈಪೋಟಿ ಇಲ್ಲದೆ ಅವರನ್ನು ಆರಿಸಿದವರು ಯಾರು ಎಂದು ಕೇಳುವ ಹಕ್ಕು ನಿಮಗಿದೆ.

ಕೋರ್ಟು ಇದನ್ನೆಲ್ಲ ಹೇಗೆ ನೋಡುತ್ತದೆ? ಎರಡು ತೀರ್ಪು ಹೇಳಿದರೆ ಸಾಕು. ಒಂದು, 2006ರ ಮೀರತ್ ನಗರ ನಿಗಮದ ಮೊಕದ್ದಮೆ. ಅಲ್ಲಿನ ಕಸಾಯಿಖಾನೆಯ ಗುತ್ತಿಗೆ ವಿವಾದ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಸಾರ್ವಜನಿಕ ಸಂಸ್ಥೆಗಳ ಗುತ್ತಿಗೆ ಸಾಮಾನ್ಯವಾಗಿ ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ಆಗಬೇಕು, ಅಪರೂಪದ ಸಂದರ್ಭದಲ್ಲಿ ಮಾತ್ರ ಅದನ್ನು ಬಿಡಬಹುದು ಎಂದು ಕೋರ್ಟ್ ಹೇಳಿತು. ಘೋಷಿತ ವಿಕೋಪ, ಒಂದೇ ಮೂಲ, ಬದಲಿ ಇಲ್ಲದ ವಿಶೇಷ ಹಕ್ಕು, ಹಲವು ಸಲ ಹರಾಜು ಕರೆದರೂ ಯಾರೂ ಬಾರದಿರುವುದು. ಆ ಪಟ್ಟಿ ನಮ್ಮ 4ನೇ ಕಲಮಿನ ಮೊದಲ ಖಂಡಗಳಿಗೆ ಎಷ್ಟು ಹತ್ತಿರ ಇದೆ ನೋಡಿ.

ಇನ್ನೊಂದು ಅದಕ್ಕೂ ಹಳೆಯದು, 1987ರದ್ದು. ಕೋಲ್ಕತ್ತದ ಮೃಗಾಲಯದ ಜಾಗದಲ್ಲಿ ಒಂದಷ್ಟನ್ನು ಪಂಚತಾರಾ ಹೋಟೆಲ್‌ಗಾಗಿ ತಾಜ್ ಸಮೂಹಕ್ಕೆ ಪಶ್ಚಿಮ ಬಂಗಾಳ ಸರ್ಕಾರ ಮಾತುಕತೆಯಿಂದಲೇ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಲಿಲ್ಲ. ಹರಾಜು ಸಾಮಾನ್ಯ ನಿಯಮ, ಆದರೆ ಎಲ್ಲ ಕಾಲಕ್ಕೂ ಅದೇ ಅಂತಿಲ್ಲ ಎಂದಿತು. ಹರಾಜು ಬಿಟ್ಟರೆ ಅದಕ್ಕೆ ತಕ್ಕ ಕಾರಣ ಇರಬೇಕು, ಪಕ್ಷಪಾತದ ಛಾಯೆಯೂ ಕಾಣಬಾರದು ಎಂಬುದು ಅದರ ಮಾತು. ಮೀರತ್‌ನಲ್ಲಿ ಒಂದು ಫಲ, ಕೋಲ್ಕತ್ತದಲ್ಲಿ ಇನ್ನೊಂದು. ಎರಡೂ ಕಡೆ ಅಳತೆಗೋಲು ಮಾತ್ರ ಒಂದೇ, ಕಾರಣ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಟೆಂಡರ್ ಕರೆದರು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. 2000ದ ಮೂಲ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕಿಂತ ಜಾಸ್ತಿ ಆದರೆ 60 ದಿನ ಕಾಲಾವಕಾಶ ಇತ್ತು. ಅವಧಿ ಕಡಿಮೆ ಮಾಡಬೇಕಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು. ಆದರೂ ಏಳೇ ದಿನದ ‘ಅಲ್ಪಾವಧಿ ಟೆಂಡರ್’ ಹಬ್ಬದ ರಜೆಯ ನಡುವೆ ಹೊರಡುವುದನ್ನು ಕಂಡಿದ್ದೇನೆ. ಒಬ್ಬರ ಅಳತೆಗೇ ಹೊಲಿದ ಅಂಗಿಯಂಥ ಷರತ್ತುಗಳನ್ನೂ ಕಂಡಿದ್ದೇನೆ. ಕಾರಣ ಬರೆದು ಪಡೆದ ವಿನಾಯಿತಿ ಇಂಥ ಟೆಂಡರಿಗಿಂತ ಎಷ್ಟೋ ಮೇಲು.

ಸರಿ, ನೀವು ಏನು ಮಾಡಬಹುದು? ಮೊದಲು ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ನಿಮ್ಮ ಪಾಲಿಕೆಯ ಹೆಸರು ಹಾಕಿ ಹುಡುಕಿ. ನಿಮ್ಮ ಕೆಲಸಕ್ಕೆ ನಿಜವಾಗಿಯೂ ಟೆಂಡರ್ ಆಗಿಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಿ. ‘ಟೆಂಡರ್ ಆಗಿಲ್ಲವಂತೆ’ ಎಂಬ ಗಾಳಿಮಾತು ಹಿಡಿದು ಹೊರಟು, ಪೋರ್ಟಲ್‌ನಲ್ಲಿ ಎಲ್ಲವೂ ಇದ್ದದ್ದು ಕಂಡು ಹಿಂದಿರುಗಿದವರಿದ್ದಾರೆ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಚರಂಡಿ, ಯಂತ್ರ, ಸಾಫ್ಟ್‌ವೇರ್ ಮೂರನ್ನೂ ಒಂದರಲ್ಲೇ ತುಂಬಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಮೂರು ಅರ್ಜಿ ಹಾಕಿ, ತಲಾ 10 ರೂಪಾಯಿ ಶುಲ್ಕ. ಇನ್ನೊಂದು, ‘ಯಾಕೆ ಟೆಂಡರ್ ಕರೆಯಲಿಲ್ಲ’ ಅಂತ ಕೇಳಬೇಡಿ. ಅದು ವಿವರಣೆ ಕೇಳಿದಂತೆ, ಕೊಡಬೇಕಿಲ್ಲ ಅನ್ನುತ್ತಾರೆ. ‘ಟೆಂಡರ್ ವಿನಾಯಿತಿಗೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಅಂತ ಕೇಳಿ. ಯಾಕೆ ಎಂಬುದು ಅದರೊಳಗೇ ಇರುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದೂ ಗೊತ್ತಾಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸಾರ್ವಜನಿಕ ಹಣದಿಂದ ಕೊಟ್ಟ ಬಿಲ್ಲಿನ ಮೊತ್ತವನ್ನು ‘ವ್ಯಾಪಾರ ರಹಸ್ಯ’ ಎಂದು ತಡೆದರೆ ಒಪ್ಪಿಕೊಳ್ಳಬೇಡಿ, ಮೇಲ್ಮನವಿಯಲ್ಲಿ ಕೇಳಿ.

ಮಾಹಿತಿ ಹಕ್ಕಿನಲ್ಲಿ ಇನ್ನೊಂದು ಸೌಲಭ್ಯ ಇದೆ, ಬಳಸುವವರು ಕಡಿಮೆ. ಕಾಗದ ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯಲು ಅವಕಾಶ ಇದೆ. ಎಂಬಿ ಪುಸ್ತಕದ ಪ್ರತಿ, ಅಂದರೆ ಅಳತೆ ಪುಸ್ತಕದ ಪ್ರತಿ, ಕೈಯಲ್ಲಿ ಹಿಡಿದು ಒಂದು ಟೇಪ್ ತೆಗೆದುಕೊಂಡು ಬೀದಿಗೆ ಹೋಗಿ. ಐದು ತುಂಡಿನ ಉದ್ದ ಕೂಡಿಸಿ. ನಿಂತಿರುವ ಚರಂಡಿಯ ಉದ್ದಕ್ಕೆ ತಾಳೆ ಆಗುತ್ತದೆಯೇ ನೋಡಿ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಕಾಂಕ್ರೀಟಿಗೆ ಜೋಡಣೆಯ ಗುರುತು ಇದೆಯೇ ಗಮನಿಸಿ. ಬೇರೆ ಬೇರೆ ಹೊತ್ತಿನಲ್ಲಿ ಮಾಡಿದ ಕೆಲಸವಾದರೆ ಸಾಮಾನ್ಯವಾಗಿ ಆ ಗೆರೆ ಕಾಣುತ್ತದೆ. ಒಂದೇ ಉಸಿರಿಗೆ ಸುರಿದದ್ದಾದರೆ ಕಾಣುವುದಿಲ್ಲ.

ತಪ್ಪು ಕಂಡರೆ ಯಾರ ಹತ್ತಿರ ಹೋಗುವುದು? ಕೆಟಿಪಿಪಿ ಕಾಯ್ದೆಯ 16ನೇ ಕಲಮಿನಲ್ಲಿ ಮೇಲ್ಮನವಿ ಇದೆ, ಆದರೆ ಅದು ಟೆಂಡರಿನಲ್ಲಿ ಭಾಗವಹಿಸಿ ನೊಂದವರಿಗೆ, 30 ದಿನದೊಳಗೆ. ನಿಮ್ಮಂಥ ನಾಗರಿಕರಿಗೆ ಆ ಬಾಗಿಲು ಇಲ್ಲ. ನೀವು ಆಯುಕ್ತರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ಪಾಲಿಕೆಯ ಲೆಕ್ಕ ತಪಾಸಣೆ ಮಾಡುವ ಕಚೇರಿಗೆ ಕಳಿಸಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಫೈಲು ಸಂಖ್ಯೆ, ದಿನಾಂಕ ಸಮೇತ ಬಂದ ಒಂದು ಪತ್ರ ತಪಾಸಕರಿಗೆ ಎಷ್ಟು ದೊಡ್ಡ ಸಹಾಯ ಅಂತ ನನಗೆ ಗೊತ್ತು. ಸಾವಿರ ಫೈಲಿನಲ್ಲಿ ಯಾವುದನ್ನು ತೆರೆಯಬೇಕು ಎಂಬುದೇ ನಮಗೆ ದೊಡ್ಡ ತಲೆನೋವು. ಅಧಿಕಾರ ದುರುಪಯೋಗದ ಸುಳಿವು ಗಟ್ಟಿಯಾಗಿದ್ದರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಜೊತೆ ದೂರು ಕೊಡಬಹುದು. ಹೈಕೋರ್ಟ್ ಕೊನೆಯ ದಾರಿ. ಅಷ್ಟು ದೂರ ಹೋಗುವ ಮೊದಲು ಕಾಗದ ಕೈಯಲ್ಲಿರಬೇಕು.

ಚರಂಡಿಯಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ನಿಮ್ಮ ಕಣ್ಣೆದುರೇ ಇದೆ, ಅಳೆಯಬಹುದು. ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು, ಬೀದಿ ಮತ್ತು ವರ್ಷವನ್ನು ನೀವು ತುಂಬಿಕೊಳ್ಳಿ:

‘ನಮ್ಮ ವಾರ್ಡಿನ ಈ ಕೆಳಕಂಡ ಬೀದಿಯಲ್ಲಿ ಈ ಆರ್ಥಿಕ ವರ್ಷದಲ್ಲಿ ನಡೆದ ಚರಂಡಿ ಕಾಮಗಾರಿಗೆ ಸಂಬಂಧಿಸಿ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಬೇಕು. ಎಲ್ಲ ಎಸ್ಟಿಮೇಟ್‌ಗಳು, ತಾಂತ್ರಿಕ ಮತ್ತು ಆಡಳಿತಾತ್ಮಕ ಮಂಜೂರಾತಿ ಆದೇಶಗಳು, ಪಡೆದ ಕೊಟೇಷನ್‌ಗಳು, ಟೆಂಡರ್ ವಿನಾಯಿತಿ ಕುರಿತ ಟಿಪ್ಪಣಿ ಹಾಳೆಗಳು ಮತ್ತು ಅನ್ವಯಿಸಿದ ಕಲಮಿನ ಖಂಡ ನಮೂದಿಸಿದ ಆದೇಶ, ವರ್ಕ್ ಆರ್ಡರ್‌ಗಳು, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಬಿಲ್‌ಗಳು. ಜೊತೆಗೆ ಕಾಮಗಾರಿ ಸ್ಥಳದ ಪರಿಶೀಲನೆಗೆ ದಿನಾಂಕ ನಿಗದಿಪಡಿಸಬೇಕು.’